ಸೊಂಟದ ಮೇಲೆ ಕಚೇರಿ, ಕೆಳಗೆ ಮನೆ: ಕೋಲಾರ ಸೀಮೆಯ ಉಮೇದುವಾರರ ಉಡುಪು

ಕೆಲಸ ಕೇಳಲು ಅಧಿಕಾರದ ಮುಂದೆ ನಿಲ್ಲುವವನು ಏನನ್ನು ಉಟ್ಟು ನಿಲ್ಲಬೇಕೆಂಬುದು ಕೋಲಾರ ಸೀಮೆಯಲ್ಲಿ ಕನಿಷ್ಠ ಐದು ಶತಮಾನಗಳಷ್ಟು ಹಳೆಯ ಪ್ರಶ್ನೆ. ವಿಜಯನಗರದ ಆಸ್ಥಾನ, ಮರಾಠರ ಜಹಗೀರು, ಮೈಸೂರಿನ ಕಮಿಷನ್ ಆಡಳಿತ, ಒಡೆಯರ ದರ್ಬಾರು, ಚಿನ್ನದ ಗಣಿಯ ಕಂಪನಿ, ಇಂದಿನ ನರಸಾಪುರದ ಕಾರ್ಖಾನೆ ಎಂದು ಒಂದಾದ ಮೇಲೊಂದು ಬಂದ ಯಜಮಾನಿಕೆಗಳು ತಂತಮ್ಮ ಉಡುಪನ್ನು ಬೇರೆಲ್ಲಿಂದಲೋ ತಂದವು. ಆ ಉಡುಪನ್ನು ಎಷ್ಟು ಒಪ್ಪಿಕೊಳ್ಳಬೇಕು, ಮನೆಯ ಉಡುಪನ್ನು ಎಷ್ಟು ಉಳಿಸಿಕೊಳ್ಳಬೇಕು ಎಂಬ ಲೆಕ್ಕ ಮಾತ್ರ ಕೆಲಸ ಕೇಳುವವನ ಪಾಲಿಗೆ ಬಿದ್ದಿತು. ಬಹುಕಾಲ ಆ ಲೆಕ್ಕದ ಗೆರೆ ಸೊಂಟದ ಸುತ್ತ ಹಾದುಹೋಗಿತ್ತು: ಮೇಲರ್ಧ ಕಚೇರಿಯದು, ಕೆಳಗರ್ಧ ಮನೆಯದು. ಆ ಗೆರೆ ಅಲ್ಲಿ ಏಕೆ ಬಿದ್ದಿತು, ಕ್ರಮೇಣ ಕೆಳಗೆ ಸರಿಯುತ್ತ ಪಾದದವರೆಗೆ ಹೇಗೆ ಬಂತು ಎಂಬುದು ಈ ಪ್ರಬಂಧದ ವಿಷಯ. ಕೋಲಾರ ಸೀಮೆ ಎಂದು ಇಲ್ಲಿ ಹೇಳುವಾಗ ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಬಂಗಾರಪೇಟೆಗಳ ಜೊತೆಗೆ, 2007ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವವರೆಗೂ ಇದೇ ಜಿಲ್ಲೆಯ ಭಾಗವಾಗಿದ್ದ ಚಿಕ್ಕಬಳ್ಳಾಪುರದ ಕಡೆಯ ತಾಲ್ಲೂಕುಗಳನ್ನೂ ಸೇರಿಸಿಕೊಳ್ಳಲಾಗಿದೆ.

ಈ ಚರಿತ್ರೆಯ ಮೊದಲ ಸಾಕ್ಷಿ ತೆಲುಗಿನದು, ಮತ್ತು ಅದು ದೂರಿನ ದನಿಯಲ್ಲಿದೆ. 15ನೆಯ ಶತಮಾನದಲ್ಲಿ ವಿಜಯನಗರದ ಪ್ರೌಢದೇವರಾಯನ ಆಸ್ಥಾನಕ್ಕೆ ವಿದ್ವತ್ ಪರೀಕ್ಷೆಗಾಗಿ ಬಂದ ಮಹಾಕವಿ ಶ್ರೀನಾಥನು, ಅಲ್ಲಿನ ಗೌಡ ಡಿಂಡಿಮಭಟ್ಟನನ್ನು ವಾದದಲ್ಲಿ ಸೋಲಿಸಿ ಕನಕಾಭಿಷೇಕ ಪಡೆಯುವ ಮುನ್ನ, ರಾಜದರ್ಶನಕ್ಕಾಗಿ ಕಾಯುತ್ತ ಪಟ್ಟ ಪಾಡನ್ನು ಹೇಳಿಕೊಂಡದ್ದೆಂದು ಪರಂಪರೆಯು ನಂಬುವ ಒಂದು ಚಾಟು ಪದ್ಯವಿದೆ. ಚಾಟು ಎಂದರೆ ಸಂದರ್ಭಕ್ಕೆ ತಕ್ಕಂತೆ ಆಶುವಾಗಿ ಹೊಮ್ಮಿ ಬಾಯಿಂದ ಬಾಯಿಗೆ ಉಳಿದ ಬಿಡಿ ಪದ್ಯ. ತಲೆಗೆ ಕುಲ್ಲಾಯಿ ಇಟ್ಟದ್ದು, ಮೈಗೆ ದೊಡ್ಡ ಕೂರ್ಪಾಸ ತೊಟ್ಟದ್ದು, ಒಗ್ಗದ ಊಟ ಉಂಡದ್ದು ಎಲ್ಲವನ್ನೂ ಪಟ್ಟಿಮಾಡಿ, ಇನ್ನಾದರೂ ದಯೆತೋರು ಎಂದು ಕವಿಯು ಕನ್ನಡ ರಾಜ್ಯಲಕ್ಷ್ಮಿಯನ್ನು ಬೇಡುತ್ತಾನೆ. ಕುಲ್ಲಾಯಿಯೆಂದರೆ ಪಾರಸಿ ಮೂಲದ ಎತ್ತರದ ಶಂಕುವಿನಾಕಾರದ ಟೋಪಿ. ಅದರ ಜೊತೆಗೆ ತೊಡುತ್ತಿದ್ದ, ಪದ್ಯವು ಕೂರ್ಪಾಸವೆನ್ನುವ, ತೋಳು ಮುಚ್ಚುವ ಉದ್ದನೆಯ ಹೊಲಿದ ನಿಲುವಂಗಿಯೇ ಕಬಾಯಿ, ಇದು ಅರಬ್ಬಿಯಿಂದ ಬಂದ ಮಾತು. ಪಶ್ಚಿಮ ಏಷ್ಯಾದ ದರ್ಬಾರುಗಳಲ್ಲಿ ಹುಟ್ಟಿ, ಬಹಮನಿ ಆಸ್ಥಾನವನ್ನು ಹಾದು, ವಿಜಯನಗರದಲ್ಲಿ ರಾಜನೂ ಅವನ ಅಧಿಕಾರಿಗಳೂ ತೊಡುವ ಸಭಾ ಉಡುಪಾಗಿದ್ದ ಈ ಜೋಡಿಯನ್ನು ಹಾಕಿಕೊಳ್ಳದೆ ಒಬ್ಬ ಮಹಾಕವಿಗೂ ಒಳಕ್ಕೆ ಪ್ರವೇಶವಿರಲಿಲ್ಲವೆಂಬುದು ಪದ್ಯದ ತಿರುಳು. ದಕ್ಷಿಣದಲ್ಲಿ ಸಂದರ್ಶನದ ಉಡುಪಿನ ಬಗ್ಗೆ ಅಭ್ಯರ್ಥಿಯೇ ಬಾಯಿಬಿಟ್ಟು ಹೇಳಿದ ಇಷ್ಟು ಹಳೆಯ ಮಾತು ಸಿಗುವುದು ಅಪರೂಪ.

ಕೋಲಾರದ ಚರಿತ್ರೆಗೆ ಇದು ಹೊರಗಿನ ಸಂಗತಿಯಲ್ಲ. ವಿಜಯನಗರದ ಪ್ರಮುಖ ಪ್ರಾಂತಗಳಲ್ಲಿ ಒಂದಾಗಿದ್ದ ಮುಳುವಾಯಿ ರಾಜ್ಯದ ಕೇಂದ್ರ ಇಂದಿನ ಮುಳಬಾಗಿಲು. 14ನೆಯ ಶತಮಾನದಲ್ಲಿ ಬುಕ್ಕರಾಯನ ಮಗ ಕಂಪಣನು ಇಲ್ಲಿಂದ ಹೊರಟು ಮಧುರೆಯನ್ನು ಗೆದ್ದನು, ಪ್ರೌಢದೇವರಾಯನ ಕಾಲದಲ್ಲಿ ‘ಶಿವತತ್ತ್ವ ಚಿಂತಾಮಣಿ’ಯ ಕರ್ತೃ ಲಕ್ಕಣ್ಣ ದಂಡೇಶನು ಈ ಪ್ರಾಂತವನ್ನು ಆಳುತ್ತಿದ್ದನು. ರಾಜಧಾನಿಯ ಸಭಾ ಉಡುಪು ಪ್ರಾಂತದ ಅಧಿಕಾರಿಗಳಿಗೂ ಇಳಿದು ಬಂದಿತೆಂಬುದಕ್ಕೆ ಹತ್ತಿರದ ಸಾಕ್ಷಿ ಗೌರಿಬಿದನೂರಿನ ಗಡಿಯಾಚೆ, ಹಿಂದೂಪುರದ ಬಳಿ ಇರುವ ಲೇಪಾಕ್ಷಿಯ ದೇವಾಲಯದ ಚಾವಣಿಯಲ್ಲಿದೆ. ಅಲ್ಲಿನ 16ನೆಯ ಶತಮಾನದ ವರ್ಣಚಿತ್ರಗಳಲ್ಲಿ ಸಾಲಾಗಿ ನಿಂತ ಗಣ್ಯರ ತಲೆಗಳ ಮೇಲೆ ಎತ್ತರದ ಕುಲ್ಲಾಯಿಗಳು ಸ್ಪಷ್ಟವಾಗಿ ಕಾಣುತ್ತವೆ. ತಿರುಮಲೆಯಲ್ಲಿರುವ ಕೃಷ್ಣದೇವರಾಯನ ಲೋಹವಿಗ್ರಹ ಇದಕ್ಕೆ ಪೂರಕವಾದ ಇನ್ನೊಂದು ಸಂಗತಿಯನ್ನು ಹೇಳುತ್ತದೆ: ತಲೆಯ ಮೇಲೆ ಅದೇ ಟೋಪಿ, ಆದರೆ ದೇವರ ಮುಂದೆ ಕೈಮುಗಿದ ಅರಸನ ಎದೆ ಬರಿದು, ಸೊಂಟದಲ್ಲಿ ಹೊಲಿಗೆಯಿಲ್ಲದ ಉಡುಗೆ. ದೇವರ ಮುಂದೆ ಮೈ ಬಿಚ್ಚಬೇಕು, ಅರಸನ ಮುಂದೆ ಮೈ ಮುಚ್ಚಬೇಕು ಎಂಬ ಎರಡು ನಿಯಮಗಳು ಒಬ್ಬನ ಮೈಮೇಲೆಯೇ ನೆಲಸಿದಾಗ, ಹಾಕಿ ತೆಗೆಯಲು ಸುಲಭವಾದ ಮೇಲುಡುಪು ಆಸ್ಥಾನಕ್ಕೂ, ಕಳಚುವ ಅಗತ್ಯವೇ ಇಲ್ಲದ ಕೆಳಉಡುಪು ಮನೆ-ಗುಡಿಗಳಿಗೂ ಹಂಚಿಹೋದದ್ದು ಸಹಜ.

ಆ ಉಡುಪುಗಳ ಹೆಸರುಗಳಿಗೆ ಮುಂದೆ ಒದಗಿದ ಗತಿಯೂ ಗಮನಾರ್ಹ. ಸಾಮ್ರಾಜ್ಯದ ಸಭೆಯಲ್ಲಿ ಅಧಿಕಾರದ ಗುರುತಾಗಿದ್ದ ಕುಲ್ಲಾಯಿ ಕನ್ನಡದಲ್ಲಿ ಕುಲಾವಿಯಾಗಿ ಕೂಸಿನ ತಲೆಗೆ ಇಳಿಯಿತು. ಶ್ರೀನಾಥನ ಕೂರ್ಪಾಸ ಕುಪ್ಪಸವಾಗಿ ಹೆಂಗಸರ ಮೈ ಸೇರಿತು. ಅಧಿಕಾರ ಬಿಟ್ಟುಕೊಟ್ಟ ಬಟ್ಟೆ ಮನೆಯೊಳಗೆ ಹೀಗೆ ಮಕ್ಕಳ ಪಾಲಿಗೋ ಹೆಂಗಸರ ಪಾಲಿಗೋ ಬರುವುದನ್ನು ಭಾಷೆ ಚೆನ್ನಾಗಿ ನೆನಪಿಟ್ಟುಕೊಂಡಿದೆ.

1638ರ ನಂತರ ಬಿಜಾಪುರದ ಸುಲ್ತಾನರು ಬೆಂಗಳೂರು, ಕೋಲಾರ ಮೊದಲಾದ ಪ್ರದೇಶಗಳನ್ನು ಷಹಾಜಿ ಭೋಸಲೆಗೆ ಜಹಗೀರಾಗಿ ಕೊಟ್ಟ ಮೇಲೆ, ಆಡಳಿತದ ಬಳಕೆಮಾತುಗಳು ಪಾರಸಿ-ಮರಾಠಿಯ ದಾರಿಯಿಂದ ಈ ಸೀಮೆಗೆ ಧಾರಾಳವಾಗಿ ಬಂದವು. ಕಚೇರಿ, ದಫ್ತರು, ಜಮಾಬಂದಿ, ಶೇಕ್ದಾರಗಳಂತೆಯೇ ಉಮೇದುವಾರ ಎಂಬ ಮಾತೂ ಆ ಗುಂಪಿನದು. ಉಮೇದು ಎಂದರೆ ಪಾರಸಿಯಲ್ಲಿ ಆಸೆ. ಉಮೇದುವಾರ ಎಂದರೆ ಕಚೇರಿಯಲ್ಲಿ ಸಂಬಳವಿಲ್ಲದೆ ನಕಲು ಬರೆಯುತ್ತ, ದಫ್ತರು ಎತ್ತಿಡುತ್ತ, ಹುದ್ದೆ ಖಾಲಿಯಾದಾಗ ತನ್ನ ಸರದಿ ಬರುವುದೆಂದು ಕಾಯುವ ಆಸೆಗಾರ. ಇಂದು ಈ ಪದ ಚುನಾವಣೆಗೆ ನಿಂತವರಿಗೆ ಮೀಸಲಾಗಿದ್ದರೂ ಅರ್ಥವೇನೂ ಅಷ್ಟು ಬದಲಾಗಿಲ್ಲವೆನ್ನಬಹುದು. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡು, 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಕಮಿಷನರಾಗಿದ್ದ ಅವಧಿಯಲ್ಲಿ ಲೆಕ್ಕಪತ್ರಗಳು ಕನ್ನಡದ ಜೊತೆಗೆ ಮರಾಠಿಯಲ್ಲೂ ನಡೆಯುತ್ತಿದ್ದವು. ಮುಂದೆ ಕಮಿಷನರಾದ ಬೌರಿಂಗ್ ಕಾಲದಲ್ಲಿ ಬೆಂಗಳೂರು, ತುಮಕೂರುಗಳೊಂದಿಗೆ ಕೋಲಾರವೂ ನಂದಿದುರ್ಗ ವಿಭಾಗಕ್ಕೆ ಸೇರಿ, ತಾಲ್ಲೂಕಿನ ಅಮಲ್ದಾರನ ಕಚೇರಿ ಊರಿನ ಹುಡುಗರಿಗೆ ಸರ್ಕಾರದ ಹೊಸ್ತಿಲಾಯಿತು.

ಉಮೇದುವಾರಿಯ ಪದ್ಧತಿಯಲ್ಲಿ ಸಂದರ್ಶನವೆಂಬುದು ಒಂದು ದಿನದ, ಅರ್ಧ ಗಂಟೆಯ ಘಟನೆಯಾಗಿರದೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ನಡೆಯುವ ನೋಟವಾಗಿತ್ತು. ಆದುದರಿಂದ ಆ ದಿನಕ್ಕೆಂದು ಎತ್ತಿಟ್ಟ ಬಟ್ಟೆಯೆಂಬ ಕಲ್ಪನೆಗೆ ಅಲ್ಲಿ ಅವಕಾಶವೇ ಇರಲಿಲ್ಲ. ಪ್ರತಿದಿನವೂ ಅಮಲ್ದಾರನ ಕಣ್ಣಿಗೆ ಬೀಳುವ ಉಮೇದುವಾರನಿಗೆ ಬೇಕಾದದ್ದು ಬಾಳಿಕೆ ಬರುವ, ಒಂದೇ ಜೊತೆಯಾದರೂ ಒಪ್ಪವಾಗಿ ಕಾಣುವ ಉಡುಪು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಅಗತ್ಯಕ್ಕೆ ಸಿಕ್ಕ ಉತ್ತರವೇ ಹಳೆಯ ಮೈಸೂರಿನ ಛಾಯಾಚಿತ್ರಗಳಿಂದ ಎಲ್ಲರಿಗೂ ಪರಿಚಿತವಾದ ಜೋಡಣೆ: ತಲೆಗೆ ರುಮಾಲು, ಮೈಗೆ ಕ್ಲೋಸ್ ಕೋಟು, ಹೆಗಲಿಗೆ ಮಡಿಸಿದ ಅಂಗವಸ್ತ್ರ, ಸೊಂಟಕ್ಕೆ ಕಚ್ಚೆಪಂಚೆ, ಕಾಲಿಗೆ ಬಾಗಿಲಲ್ಲಿ ಬಿಡಲು ಅನುಕೂಲವಾದ ಎಕ್ಕಡ. ಇದನ್ನು ಪೂರ್ವಪಶ್ಚಿಮಗಳ ಸಂಗಮವೆಂದು ಕರೆದು ಮುಂದೆ ಸಾಗುವುದು ವಾಡಿಕೆ. ಆದರೆ ಆ ಜೋಡಣೆಯ ಹಿಂದೆ ಆದರ್ಶಕ್ಕಿಂತ ಅಗಸನ ಕಲ್ಲು ಹೆಚ್ಚು ಕೆಲಸ ಮಾಡಿದೆ.

ಕೋಟು ಉಣ್ಣೆಯದಾಗಲಿ ದಪ್ಪ ಹತ್ತಿಯದಾಗಲಿ, ದಿನವೂ ಒಗೆಯುವ ಬಟ್ಟೆಯಲ್ಲ. ಒಗೆಯದ ಬಟ್ಟೆ ಆಚಾರವಂತರ ಮನೆಗಳಲ್ಲಿ ಮೈಲಿಗೆ, ಅಂದರೆ ಅದನ್ನು ಮುಟ್ಟಿದ ಮೇಲೆ ಸ್ನಾನವಿಲ್ಲದೆ ಪೂಜೆಗೂ ಊಟಕ್ಕೂ ಕೂರುವಂತಿಲ್ಲ. ಕಚೇರಿಯಿಂದ ಬಂದವನು ನಡುಮನೆಗೆ ಕಾಲಿಡುವ ಮೊದಲೇ ಕೋಟನ್ನೂ ರುಮಾಲನ್ನೂ ಹೊರಗಿನ ಗೂಟಕ್ಕೆ ತಗುಲಿಹಾಕಿದರೆ ಸರ್ಕಾರ ಹೊರಗೇ ಉಳಿಯಿತು; ಕೆಳಗಿನ ಪಂಚೆಯನ್ನು ಹೇಗೂ ದಿನವೂ ಬಾವಿಕಟ್ಟೆಯಲ್ಲಿ ಹಿಂಡಿ ಹರವುತ್ತಿದ್ದರು. ಎಂಟು ಮೊಳದ ಪಂಚೆಯನ್ನು ಐದು ಕಡೆ ಸಿಕ್ಕಿಸಿ ಉಡುವುದಕ್ಕೆ ಪಂಚಗಚ್ಚೆಯೆಂದು ಹೆಸರು. ಕುಳಿತೆದ್ದರೂ ಸಡಿಲಾಗದ, ಚಾಪೆಯ ಮೇಲೆ ಚಕ್ಕಂಬಕ್ಕಲು ಹಾಕಿ ಕುಳಿತು ತೊಡೆಯ ಮೇಲೆ ಹಲಗೆಯಿಟ್ಟು ಬರೆಯುವುದಕ್ಕೆ ಒಗ್ಗುವ ಉಡುಗೆ ಅದು. ಕುರ್ಚಿ ಮೇಜುಗಳು ಅಮಲ್ದಾರನಿಗೆ ಮಾತ್ರವಿದ್ದು ಗುಮಾಸ್ತರು ನೆಲದ ಮೇಲೆ ಕುಳಿತು ಬರೆಯುತ್ತಿದ್ದಷ್ಟು ಕಾಲ ಷರಾಯಿಗೆ ಕಚೇರಿಯಲ್ಲಿ ಕೆಲಸವಿರಲಿಲ್ಲ.

ಕೋಟಿನಲ್ಲೂ ಕತ್ತಿನವರೆಗೆ ಗುಂಡಿ ಹಾಕುವ ಕ್ಲೋಸ್ ಕೋಟೇ ಗೆದ್ದದ್ದಕ್ಕೆ ಹಣದ ಕಾರಣವಿದೆ. ಎದೆ ತೆರೆದ ಕೋಟಿಗೆ ಒಳಗೆ ಕಾಲರಿನ ಅಂಗಿ ಬೇಕು, ಅದು ಬಿಳಿಯದೂ ಗಂಜಿ ಹಾಕಿದ್ದೂ ಆಗಿರಬೇಕು, ಮೇಲೊಂದು ಟೈ ಬೇಕು. ಕ್ಲೋಸ್ ಕೋಟಿನ ಒಳಗೆ ಹರಿದ ಬನಿಯನಿದ್ದರೂ, ಏನೂ ಇಲ್ಲದಿದ್ದರೂ, ಎದುರಿಗಿದ್ದ ಅಧಿಕಾರಿಗೆ ಕಾಣುವುದು ಗುಂಡಿಗಳ ಸಾಲು ಮಾತ್ರ. ಬಡ ಉಮೇದುವಾರನ ಮಾನ ಕಾಪಾಡಿದ ಹೊಲಿಗೆಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು. ಅದನ್ನು ಹೊಲಿಯುತ್ತಿದ್ದವರು ಪೇಟೆಬೀದಿಯ ಚಿಪ್ಪಿಗರು. ಹಳೆಯ ಮೈಸೂರಿನ ಊರುಗಳಲ್ಲಿ ನಾಮದೇವ ಸಿಂಪಿ, ಭಾವಸಾರ ಕ್ಷತ್ರಿಯರಂತಹ ಮರಾಠಿ ಮೂಲದ ಸಮುದಾಯದವರೂ ಮುಸ್ಲಿಂ ದರ್ಜಿಗಳೂ ಈ ಕಸುಬಿನಲ್ಲಿದ್ದರು. ಬಟ್ಟೆ ಮಾತ್ರ ಹೊರಗಿನದು. ಕೋಲಾರದಲ್ಲಿ ಕುರುಬರು ನೇಯುತ್ತಿದ್ದ ಒರಟು ಕಂಬಳಿ ಬ್ರಿಟಿಷ್ ಗೆಜೆಟಿಯರುಗಳಲ್ಲಿ ಊರಿನ ಹೆಸರಿನ ಜೊತೆಗೇ ಉಲ್ಲೇಖವಾಗುವಷ್ಟು ಪ್ರಸಿದ್ಧ. ಆದರೂ ಕಂಬಳಿ ಹೊದ್ದವನು ಅರ್ಜಿ ಹಿಡಿದು ಹೊರಗೆ ನಿಲ್ಲುವ ರೈತ, ಉಣ್ಣೆಯ ಕೋಟು ತೊಟ್ಟವನು ಒಳಗೆ ಕುಳಿತು ಅರ್ಜಿ ಓದುವವನು. ಒಂದೇ ಕುರಿಯ ಉಣ್ಣೆ ಯಾವ ಮಗ್ಗದಿಂದ ಇಳಿದು ಬಂತು ಎಂಬುದರ ಮೇಲೆ ಹೊಸ್ತಿಲಿನ ಒಳಗೋ ಹೊರಗೋ ಎಂಬುದು ತೀರ್ಮಾನವಾಗುತ್ತಿತ್ತು. ಜಿಲ್ಲೆಯ ರೇಷ್ಮೆಗೂ ಇದೇ ಹಣೆಬರಹ: ಗೂಡು ಬೆಳೆದು ನೂಲು ತೆಗೆದುಕೊಟ್ಟ ಶಿಡ್ಲಘಟ್ಟ, ಚಿಂತಾಮಣಿ, ಮುಳಬಾಗಿಲುಗಳಿಗೆ ಜರಿಯ ಬಟ್ಟೆ ಮರಳುತ್ತಿದ್ದದ್ದು ಬೇರೆ ಊರುಗಳ ಮಗ್ಗಗಳಿಂದ.

ಬರಿದಲೆಯಲ್ಲಿ ಹಿರಿಯರ ಮುಂದೆ ನಿಲ್ಲುವುದು ಅಂದಿನ ಕಣ್ಣಿಗೆ ಅಮಂಗಳ, ಅವಿಧೇಯತೆ ಎರಡೂ ಆಗಿತ್ತು. ರುಮಾಲಿನ ಸುತ್ತು ಜಾತಿಯನ್ನೂ ಸೀಮೆಯನ್ನೂ ಹೇಳುತ್ತಿದ್ದುದರಿಂದ ಉಮೇದುವಾರನ ಪರಿಚಯಪತ್ರ ಅವನ ತಲೆಯ ಮೇಲೆಯೇ ಇರುತ್ತಿತ್ತು. ಅರಸರ ಆಡಳಿತ 1881ರಲ್ಲಿ ಮರಳಿದ ಮೇಲೆ, ಮೊದಲೇ ಸುತ್ತಿ ಹೊಲಿದು ಟೋಪಿಯಂತೆ ಇಟ್ಟುಕೊಳ್ಳಬಹುದಾದ, ಜರಿಯಂಚಿನ ಮೈಸೂರು ಪೇಟ ಅಧಿಕಾರಿವರ್ಗದಲ್ಲಿ ಹರಡಿ ಈ ಭೇದಗಳನ್ನು ಸ್ವಲ್ಪಮಟ್ಟಿಗೆ ಮುಚ್ಚಿತು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ತಲೆಯ ಮೇಲೂ ಅದೇ ಪೇಟವಿತ್ತೆಂಬುದು ಅದು ಮತಭೇದ ಮೀರಿ ಸಂಸ್ಥಾನದ ಗುರುತಾದುದಕ್ಕೆ ಸಾಕ್ಷಿ. ಪೇಟಕ್ಕೆ ಇನ್ನೊಂದು ಉಪಯೋಗವೂ ಇತ್ತು: ಅದರ ಕೆಳಗೆ ಜುಟ್ಟು ಅಡಗುತ್ತಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಓದಿದ ಹುಡುಗರು ಮನೆಯವರ ವಿರೋಧದ ನಡುವೆಯೂ ಜುಟ್ಟು ತೆಗೆಸಿ ಕ್ರಾಪು ಬಿಟ್ಟುಕೊಂಡಾಗ, ಮುಚ್ಚಬೇಕಾದದ್ದೇ ಇಲ್ಲವಾಗಿ ಪೇಟ ತನ್ನ ಅರ್ಧ ಕೆಲಸ ಕಳೆದುಕೊಂಡಿತು; ತಲೆಯುಡುಪಿನ ಅವನತಿಗೆ ಪಾಶ್ಚಾತ್ಯ ವ್ಯಾಮೋಹವನ್ನು ದೂರುವವರು ಕ್ಷೌರಿಕನ ಕತ್ತರಿಯನ್ನು ಮರೆಯುತ್ತಾರೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಿವಿಲ್ ಸರ್ವಿಸಿಗೆ ಸ್ಪರ್ಧಾ ಪರೀಕ್ಷೆ ಬಂದದ್ದು ಉಡುಪಿನ ಲೆಕ್ಕವನ್ನು ಬದಲಿಸಿತು. ತಿಂಗಳುಗಟ್ಟಲೆ ಕಣ್ಣೆದುರು ಸುಳಿಯುವ ಉಮೇದುವಾರನ ಜಾಗಕ್ಕೆ, ಅಂಕಗಳ ಬಲದಿಂದ ದೂರದ ಊರಿನಿಂದ ಬಂದು, ಅಪರಿಚಿತರ ಮುಂದೆ ಒಮ್ಮೆ ಮಾತ್ರ ನಿಲ್ಲುವ ಪದವೀಧರ ಬಂದನು. ಮಾಲೂರು ತಾಲ್ಲೂಕಿನಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಎಂ.ಎ. ಪದವಿ ಪಡೆದು ಅದೇ ವರ್ಷ ಈ ಪರೀಕ್ಷೆಯ ಮೂಲಕ ಸೇವೆಗೆ ಸೇರಿದ್ದು ಈ ಹೊಸ ದಾರಿಯ ಅತ್ಯುತ್ತಮ ಉದಾಹರಣೆ. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ. ಅದಕ್ಕೂ ಮುಂಚಿನ ಕೋಲಾರದ ಪದವೀಧರನು ಮದರಾಸಿನ ಗೌನನ್ನು ಹೆಗಲಿಗೆ ಹಾಕಿಕೊಂಡು ಬಂದವನೇ. ಮಾಸ್ತಿಯವರ ಪ್ರಸಿದ್ಧ ಭಾವಚಿತ್ರಗಳಲ್ಲಿ ಕಾಣುವ ಟೋಪಿ, ಕತ್ತು ಮುಚ್ಚಿದ ಕೋಟು, ಹಣೆಯ ನಾಮ ಇವು ಆ ತಲೆಮಾರು ಮಾಡಿಕೊಂಡ ಒಪ್ಪಂದದ ಕರಡು ಪ್ರತಿಯಂತಿವೆ: ಹೊಲಿದದ್ದೆಲ್ಲ ಸರ್ಕಾರಕ್ಕೆ, ಹಣೆ ಮಾತ್ರ ಮನೆದೇವರಿಗೆ. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ 1913ರಲ್ಲಿ ಕಿರುಗೇಜಿನ ರೈಲು ಬಂದ ಮೇಲೆ ಬೆಂಗಳೂರಿನ ದಾರಿ ಹತ್ತಿರವಾಯಿತು. ಆದರೆ ಕಲ್ಲಿದ್ದಲಿನ ಕಿಡಿ-ಮಸಿಗಳ ನಡುವೆ ಬಿಳಿಯ ಪಂಚೆಯುಟ್ಟು ಕೂರುವುದು ಜಾಣತನವಲ್ಲವಾದ್ದರಿಂದ, ಇಸ್ತ್ರಿ ಮಾಡಿದ ಜೊತೆಯನ್ನು ಪೆಟ್ಟಿಗೆಯಲ್ಲಿಟ್ಟು ಒಯ್ದು, ಊರು ಮುಟ್ಟಿದ ಮೇಲೆ ಬದಲಿಸಿಕೊಳ್ಳುವ ಅಗತ್ಯ ಹುಟ್ಟಿತು. ‘ಆ ದಿನದ ಬಟ್ಟೆ’ ಎಂಬ ಕಲ್ಪನೆ ಪರೀಕ್ಷೆ ಮತ್ತು ರೈಲು ಇವೆರಡರ ಜಂಟಿ ಸಂತಾನ.

ಸೊಂಟದ ಗೆರೆಯನ್ನು ಮೊದಲು ದಾಟಿಸಿದ್ದು ಅರಮನೆ. ಗೆಜೆಟೆಡ್ ಅಧಿಕಾರಿಯಾದವನು ದಸರೆಯ ದರ್ಬಾರಿಗೆ ಹೋಗಬೇಕಾದರೆ ಕಪ್ಪು ಉದ್ದ ಕೋಟು, ಜರಿಯ ಪೇಟಗಳ ಜೊತೆಗೆ ಬಿಳಿಯ ಷರಾಯಿಯನ್ನೂ ತೊಡಬೇಕಿತ್ತು. ಹಾಗಾಗಿ ಕಚ್ಚೆಪಂಚೆಯಲ್ಲಿ ಆಯ್ಕೆಯಾದವನು ಆಯ್ಕೆಯಾದ ಮೇಲೆ ದರ್ಜಿಯ ಬಳಿ ಕಾಲಿನ ಅಳತೆ ಕೊಡಲು ಹೋಗುತ್ತಿದ್ದನು. ಷರಾಯಿ ತೊಟ್ಟರೂ ಭಾರತೀಯ ಅಧಿಕಾರಿಗಳಿಗೆ ದರ್ಬಾರಿನಲ್ಲಿ ನೆಲದ ಮೇಲಿನ ಹಾಸು, ಯೂರೋಪಿಯನ್ನರಿಗೆ ಕುರ್ಚಿ ಎಂಬ ವ್ಯವಸ್ಥೆಯಿತ್ತು. ಮುದ್ದೇನಹಳ್ಳಿಯಲ್ಲಿ ಹುಟ್ಟಿ, 1884ರಲ್ಲಿ ಮುಂಬಯಿ ಸರ್ಕಾರದ ಎಂಜಿನಿಯರಾಗಿ ಸೇರಿ, 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಒಮ್ಮೆ ಇದನ್ನು ಕಂಡು ಮರುವರ್ಷ ದರ್ಬಾರಿಗೆ ಹೋಗಲಿಲ್ಲವೆಂದೂ, ಕಾರಣ ಕೇಳಿದಾಗ ತಾರತಮ್ಯವನ್ನು ಎತ್ತಿ ತೋರಿಸಿದ್ದರಿಂದ ಎಲ್ಲರಿಗೂ ಕುರ್ಚಿ ಬಂತೆಂದೂ ಹೇಳಲಾಗುತ್ತದೆ. ಈ ಪ್ರಸಂಗವನ್ನು ಆತ್ಮಗೌರವದ ಕಥೆಯಾಗಿ ಓದುವುದು ಸರಿಯೇ; ಉಡುಪಿನ ಚರಿತ್ರೆಯಲ್ಲಿ ಅದಕ್ಕೆ ಇನ್ನೊಂದು ಅರ್ಥವೂ ಇದೆ. ನೆಲಕ್ಕಾಗಿ ಹುಟ್ಟಿದ್ದು ಪಂಚೆ, ಕುರ್ಚಿಗಾಗಿ ಹುಟ್ಟಿದ್ದು ಷರಾಯಿ. ಷರಾಯಿ ತೊಡಿಸಿ ನೆಲದ ಮೇಲೆ ಕೂರಿಸುವುದು ಎರಡಕ್ಕೂ ಸಲ್ಲದ ಅವಮಾನ. ಸೂಟು, ಟೈಗಳ ಮೇಲೆ ಮೈಸೂರು ಪೇಟವನ್ನಿಟ್ಟ ವಿಶ್ವೇಶ್ವರಯ್ಯನವರ ಆಕೃತಿಯಲ್ಲಿ ಗೆರೆ ಸೊಂಟವನ್ನು ಬಿಟ್ಟು ಕತ್ತಿಗೇರಿತ್ತು: ಕತ್ತಿನ ಕೆಳಗೆಲ್ಲ ಕೆಲಸ, ಮೇಲೆ ಸಂಸ್ಥಾನ. ಅವರನ್ನು ಕಂಡು ಸೂಟು ಹೊಲಿಸಿದವರೆಷ್ಟೋ ಮಂದಿ. ಆದರೆ ಪೇಟವನ್ನು ಉಳಿಸಿಕೊಂಡವರು ಕಡಿಮೆ.

ಪಾದದ ಮಾತು ಬೇರೆಯೇ. ಬ್ರಿಟಿಷ್ ಇಂಡಿಯಾದ ಸರ್ಕಾರ 1854ರಲ್ಲೇ, ಯೂರೋಪಿಯನ್ ರೀತಿಯ ಬೂಟುಕಾಲುಚೀಲ ಧರಿಸಿದ ಭಾರತೀಯರು ಬಂಗಾಳ ಪ್ರಾಂತದ ಅಧಿಕೃತ ಸಮಾರಂಭಗಳಿಗೆ ಅವನ್ನು ಬಿಚ್ಚದೆಯೇ ಬರಬಹುದೆಂದು ಒಪ್ಪಿಕೊಂಡಿತ್ತು. ದೇಶೀ ಪಾದರಕ್ಷೆ ಮೆಟ್ಟಿದವರು ಮಾತ್ರ ಎಂದಿನಂತೆ ಹೊರಗೆ ಬಿಡಬೇಕಿತ್ತು. ಬೂಟು ಕೊಳ್ಳಲು ಶಕ್ತಿಯಿದ್ದವನಿಗೆ ಮರ್ಯಾದೆ ಉಳಿಯಿತು, ಎಕ್ಕಡದವನು ಬರಿಗಾಲಲ್ಲೇ ನಿಂತನು. ಇದಕ್ಕೂ ಕೆಳಗಿನ ಮೆಟ್ಟಿಲೊಂದಿತ್ತು: ಎಕ್ಕಡವನ್ನು ಹೊಲಿದುಕೊಟ್ಟ ಸಮುದಾಯದವರು ಮೇಲ್ಜಾತಿಯವರ ಬೀದಿಯಲ್ಲಿ ಅದನ್ನು ಮೆಟ್ಟುವಂತಿರಲಿಲ್ಲ. 2011ರ ಜನಗಣತಿಯಂತೆ ಪರಿಶಿಷ್ಟ ಜಾತಿಯವರು ಜನಸಂಖ್ಯೆಯ ಸುಮಾರು 30 ಪ್ರತಿಶತದಷ್ಟಿರುವ, ಈ ಪ್ರಮಾಣದಲ್ಲಿ ರಾಜ್ಯದಲ್ಲೇ ಮುಂದಿರುವ ಕೋಲಾರ ಜಿಲ್ಲೆಯ ಬಗ್ಗೆ ಬರೆಯುವಾಗ, ರುಮಾಲು-ಕೋಟುಗಳ ಇತಿಹಾಸ ಊರಿನ ಒಂದು ಭಾಗದ ಇತಿಹಾಸವೆಂಬುದನ್ನು ನೆನಪಿಡಬೇಕು. ಬ್ರಾಹ್ಮಣೇತರರಿಗೆ ಸರ್ಕಾರಿ ಹುದ್ದೆಗಳಲ್ಲಿ ಪ್ರಾತಿನಿಧ್ಯ ಒದಗಿಸುವ ಮಾರ್ಗ ಸೂಚಿಸಲು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ನಂತರ ಕಚೇರಿಯ ಬಾಗಿಲು ಮೆಲ್ಲಮೆಲ್ಲನೆ ಅಗಲವಾಯಿತು. ಅದರಾಚೆಗೆ, ಸೂಟು ತೊಟ್ಟು ಕೈಯಲ್ಲಿ ಪುಸ್ತಕ ಹಿಡಿದ ಅಂಬೇಡ್ಕರರ ಆಕೃತಿ ಜಿಲ್ಲೆಯ ಊರೂರ ವೃತ್ತಗಳಲ್ಲಿ ನಿಂತ ಮೇಲೆ, ಸೂಟು, ಬೂಟು, ಟೈಗಳ ಅರ್ಥವೇ ಬೇರೆಯಾಯಿತು: ಮೇಲ್ಜಾತಿಯ ಪದವೀಧರನಿಗೆ ಅನುಕರಣೆಯ ಮುಜುಗರ ತಂದ ಅದೇ ಉಡುಪು ಇಲ್ಲಿ ನಿಷೇಧವನ್ನು ಮುರಿದ ಉಡುಪು, ಅದನ್ನು ಅರ್ಧಕ್ಕೆ ಹಂಚಿ ತೊಡುವ ಪ್ರಶ್ನೆಯೇ ಏಳಲಿಲ್ಲ.

ಚಿನ್ನದ ಗಣಿಯಲ್ಲಿ ಬಟ್ಟೆಯ ಪಾತ್ರ ತಿರುಗುಮುರುಗಾಗಿತ್ತು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಕಾಲಿಟ್ಟ ಮೇಲೆ ಬೆಳೆದ ಕೆ.ಜಿ.ಎಫ್.ನಲ್ಲಿ ಆಂಗ್ಲೋ-ಇಂಡಿಯನ್ ಹುಡುಗರು ಸೂಟಿನಲ್ಲೂ ಸೋಲಾ ಟೋಪಿಯಲ್ಲೂ ಹುದ್ದೆ ಕೇಳಿದರೆ, ಉತ್ತರ ಆರ್ಕಾಟು, ಚಿತ್ತೂರುಗಳ ಕಡೆಯಿಂದ ಬಂದ ಕಾರ್ಮಿಕರನ್ನು ಆರಿಸುವಾಗ ನೋಡುತ್ತಿದ್ದದ್ದು ಮೈಕಟ್ಟನ್ನು. ಅವರ ಬಟ್ಟೆ ನೋಟಕ್ಕೆ ಬರುತ್ತಿದ್ದದ್ದು ಕೆಲಸ ಮುಗಿಸಿ ಮೇಲೆ ಬಂದಾಗ, ಮಡಿಕೆಗಳಲ್ಲಿ ಅದಿರು ಅಡಗಿದೆಯೇ ಎಂದು ಝಡ್ತಿ ಮಾಡುವಾಗ. ಮನುಷ್ಯನನ್ನು ಗುರುತಿಸಲು ಉಡುಪು ಸಾಲದೆಂದು ಬೆರಳಚ್ಚು ಕೇಳಿದಾಗ 1930ರಲ್ಲಿ ಗಣಿಗಳಲ್ಲಿ ದೊಡ್ಡ ಮುಷ್ಕರವೇ ನಡೆಯಿತು.

1938ರ ಏಪ್ರಿಲಿನಲ್ಲಿ ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ಕಾಲದಲ್ಲಿ ಗಾಂಧಿ ಟೋಪಿ ಧರಿಸಿ ಸರ್ಕಾರಿ ನೌಕರಿ ಕೇಳಲು ಹೋಗುವುದು ಉಮೇದುವಾರಿಕೆಯನ್ನೇ ಕೈಬಿಟ್ಟಂತೆ. ಹತ್ತು ವರ್ಷ ಕಳೆಯುವ ಮೊದಲೇ, 1947ರ ಅಕ್ಟೋಬರಿನಲ್ಲಿ, ಕೋಲಾರ ಸೀಮೆಯ ಕ್ಯಾಸಂಬಳ್ಳಿಯ ಕೆ.ಸಿ. ರೆಡ್ಡಿಯವರು ಮೈಸೂರಿನ ಮೊದಲ ಮುಖ್ಯಮಂತ್ರಿಯಾದಾಗ ಖಾದಿಯೇ ಅಧಿಕಾರದ ಬಟ್ಟೆಯಾಯಿತು. ವಿಚಿತ್ರವೆಂದರೆ ಆಳುವವರು ಖಾದಿ ಪಂಚೆಗೆ ಇಳಿದ ಹೊತ್ತಿಗೇ ಆಳಿಸಿಕೊಳ್ಳುವ ನೌಕರವರ್ಗ ಪಂಚೆ ಬಿಟ್ಟು ಪ್ಯಾಂಟಿಗೆ ಏರಿತು. 1951ರಲ್ಲಿ ಲೋಕಸೇವಾ ಆಯೋಗ ಬಂದು, ಮೇಜಿನ ಆಚೆ ಆಯೋಗ, ಈಚೆ ಅಭ್ಯರ್ಥಿಗೊಂದು ಕುರ್ಚಿ ಎಂಬ ದೃಶ್ಯ ಸ್ಥಿರವಾಯಿತು. ಕುರ್ಚಿ ಸಿಕ್ಕ ಮೇಲೆ ಪಂಚೆಗೆ ಉಳಿಗಾಲವಿರಲಿಲ್ಲ. ಅರುವತ್ತು ಎಪ್ಪತ್ತರ ದಶಕಗಳ ಟೆರಿಲಿನ್, ಟೆರಿಕಾಟುಗಳು ಗಂಜಿಯಿಲ್ಲದೆ, ಸುಕ್ಕಿಲ್ಲದೆ, ರಾತ್ರಿ ಒಗೆದು ಹರವಿದರೆ ಬೆಳಿಗ್ಗೆ ಬಸ್ಸು ಹತ್ತಲು ಸಿದ್ಧವಾಗುವ ಗುಣದಿಂದ ಹಳ್ಳಿಯ ಪದವೀಧರನಿಗೆ ಮಾಡಿದ ಉಪಕಾರ ಕ್ಲೋಸ್ ಕೋಟಿನದಕ್ಕೆ ಸಮ. ಮಡಿ-ಮೈಲಿಗೆಯ ಹಳೆಯ ಲೆಕ್ಕವನ್ನು ಒಳಗಿಂದಲೇ ಸಡಿಲಿಸಿದ್ದೂ ಇವೇ, ಏಕೆಂದರೆ ಈಗ ಹೊಲಿದ ಬಟ್ಟೆಯನ್ನೂ ದಿನವೂ ಒಗೆಯಬಹುದಾಗಿತ್ತು.

ಹೆಂಗಸರಿಗೆ ಸೊಂಟದ ಗೆರೆ ಅನ್ವಯಿಸಲಿಲ್ಲ. ಶಾಲೆಯ ಉಪಾಧ್ಯಾಯಿನಿಯಾಗಿ, 1910ರಲ್ಲಿ ಕೋಲಾರದಲ್ಲಿ ಮೆಥಡಿಸ್ಟ್ ಮಿಷನ್ ಸ್ಥಾಪಿಸಿದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯಂತಹ ಕಡೆಗಳಲ್ಲಿ ದಾದಿಯಾಗಿ ಕೆಲಸ ಕೇಳಿ ಬಂದವರಿಗೆ ಸೀರೆಯೇ ಕಚೇರಿಯೂ ಮನೆಯೂ ಆಗಿತ್ತು. ಬದಲಾದದ್ದು ಸೂಕ್ಷ್ಮಗಳು: ಕಚ್ಚೆಯ ಉಡುಗೆ ಹೋಗಿ ನಿರಿಗೆ ಬಂತು, ಕುಪ್ಪಸದ ತೋಳು ಮೊಳಕೈಗೆ ನಿಂತಿತು, ಸೆರಗಿಗೆ ಪಿನ್ನು ಬಿತ್ತು. ಗಂಡಸು ಅರ್ಧ ಮೈಯಲ್ಲಿ ಹೊರಗಿನದನ್ನು ಒಪ್ಪಿಕೊಂಡು ಆಧುನಿಕನೆನಿಸಿಕೊಂಡರೆ, ಹೆಂಗಸು ಪೂರ್ತಿ ಮೈಯಲ್ಲಿ ಮನೆಯನ್ನು ಹೊತ್ತುಕೊಂಡೇ ಹೊರಗೆ ಬಂದು ತನ್ನ ಯೋಗ್ಯತೆಯನ್ನು ತೋರಿಸಬೇಕಾಯಿತು. ಈ ಅಸಮಾನ ಹಂಚಿಕೆಯ ಬಗ್ಗೆ ಉಡುಪಿನ ಚರಿತ್ರೆಗಳು ಸಾಕಷ್ಟು ಮಾತಾಡಿಲ್ಲ. ಚೂಡಿದಾರ ಸಂದರ್ಶನದ ಉಡುಪಾಗಿ ಒಪ್ಪಿತವಾಗಲು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಕಾಯಬೇಕಾಯಿತು, ಅದೂ ಎರಡೂ ಹೆಗಲಿಗೆ ದುಪಟ್ಟ ಪಿನ್ನು ಮಾಡಿದ ಷರತ್ತಿನ ಮೇಲೆ.

ಹಳೆಯ ಗೆರೆ ಕೊನೆಯದಾಗಿ ಉಳಿದದ್ದು ಪೇಟೆಬೀದಿಯ ಫೋಟೋ ಸ್ಟುಡಿಯೋಗಳಲ್ಲಿ. ಅರ್ಜಿಗೆ ಅಂಟಿಸುವ ಭಾವಚಿತ್ರ ಎದೆಯವರೆಗೆ ಮಾತ್ರವಾದ್ದರಿಂದ, ಸ್ಟುಡಿಯೋದ ಗೂಟದಲ್ಲಿ ನೇತಾಡುತ್ತಿದ್ದ ಒಂದೇ ಕೋಟು, ಒಂದೇ ಟೈ ಊರಿನ ಎಲ್ಲ ಅಭ್ಯರ್ಥಿಗಳಿಗೂ ಆಗುತ್ತಿತ್ತು. ಹಿಂದೆ ದೊಗಳೆಯಾದರೆ ಬೆನ್ನಿಗೊಂದು ಪಿನ್ನು, ಕೆಳಗೆ ಲುಂಗಿಯಿದ್ದರೂ ಚಿಂತೆಯಿಲ್ಲ. ಬೇರೆ ಬೇರೆ ತಾಲ್ಲೂಕು ಕಚೇರಿಗಳ ಕಡತಗಳಲ್ಲಿ ಒಂದೇ ಕೋಟು ನೂರು ಮುಖಗಳ ಕೆಳಗೆ ಕುಳಿತಿರಬೇಕು.

2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿ, ಮುಂದಿನ ದಶಕಗಳಲ್ಲಿ ಮಾಲೂರು, ವೇಮಗಲ್, ನರಸಾಪುರಗಳಲ್ಲಿ ಕೈಗಾರಿಕಾ ಪ್ರದೇಶಗಳು ಬೆಳೆದಂತೆ ‘ಫಾರ್ಮಲ್ಸ್’ ಎಂಬ ಮಾತು, ಅಂದರೆ ಒಳಸೇರಿಸಿದ ಅಂಗಿ, ಬೆಲ್ಟು, ಕಪ್ಪು ಶೂಗಳ ಜೋಡಣೆ, ಜಿಲ್ಲೆಯ ಕಾಲೇಜುಗಳಲ್ಲಿ ಮನೆಮಾತಾಯಿತು. ಗೆರೆ ಪಾದವನ್ನು ಮುಟ್ಟಿದ್ದು ಇಲ್ಲಿ. ಆಯ್ಕೆಯಾದ ಮರುದಿನ ಕಾರ್ಖಾನೆಯೇ ಸಮವಸ್ತ್ರ ಕೊಡುವುದರಿಂದ ಆ ಶೂಗಳಿಗೆ ಒಂದೇ ದಿನದ ಆಯುಷ್ಯವೆಂಬುದು ಬೇರೆ ಮಾತು. ಸರ್ಕಾರಿ ನೌಕರಿಯ ಕಡೆ ಬಟ್ಟೆಯ ಮಹತ್ವ ಇನ್ನೊಂದು ರೀತಿಯಲ್ಲಿ ತಿರುಗಿತು. 2016ರ ಜನವರಿ 1ರಿಂದ ಕೇಂದ್ರ ಸರ್ಕಾರ ಗೆಜೆಟೆಡ್ ಅಲ್ಲದ ಕೆಳಹಂತದ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು. ಬರಹದ ಪರೀಕ್ಷೆಯೇ ಎಲ್ಲವೂ ಆದಾಗ ಅಕ್ರಮದ ದಾರಿಗಳೂ ಬಟ್ಟೆಯೊಳಗೆ ಸೇರಿಕೊಂಡವು. ಬ್ಲೂಟೂತ್ ಬಳಸಿ ನಡೆದ ಅಕ್ರಮದ ಬೆನ್ನಿಗೇ, 2023ರ ನವೆಂಬರಿನಲ್ಲಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನೇಮಕಾತಿ ಪರೀಕ್ಷೆಗಳಿಗೆ ವಸ್ತ್ರಸಂಹಿತೆ ಹೊರಡಿಸಿ, ತುಂಬುತೋಳಿನ ಅಂಗಿಯನ್ನೂ ಶೂಗಳನ್ನೂ ನಿಷೇಧಿಸಿತು. ಬೂಟಿನೊಂದಿಗೆ ಒಳಗೆ ಬರುವ ಹಕ್ಕಿಗಾಗಿ ಒಂದು ಶತಮಾನ ಹೆಣಗಿದ ಮೇಲೆ ಅಭ್ಯರ್ಥಿಯ ಪಾದರಕ್ಷೆ ಮತ್ತೆ ಬಾಗಿಲಲ್ಲಿ ಉಳಿಯಿತು. ಬಾಗಿಲಲ್ಲಿ ತೋಳು, ಜೇಬುಗಳನ್ನು ತಡವಿ ನೋಡುವ ಕ್ರಮ ಗಣಿಯ ಝಡ್ತಿಗೆ ಹತ್ತಿರವಾಯಿತು, ಒಂದೇ ವ್ಯತ್ಯಾಸವೆಂದರೆ ಅಲ್ಲಿ ಹೊರಗೆ ಹೋಗುವಾಗ, ಇಲ್ಲಿ ಒಳಗೆ ಬರುವಾಗ.

ಪೇಟ ಇಂದಿಗೂ ತಾಲ್ಲೂಕು ಕಚೇರಿಗಳಿಂದ ಪೂರ್ತಿಯಾಗಿ ಹೋಗಿಲ್ಲ. ಅರ್ಧತೋಳಿನ ಅಂಗಿಯಲ್ಲಿ ಪರೀಕ್ಷೆ ಬರೆದು, ಬರಿದಲೆಯಲ್ಲಿ ನೇಮಕಾತಿ ಪತ್ರ ಪಡೆದು, ಮೂವತ್ತು ಮೂವತ್ತೈದು ವರ್ಷ ಬರಿದಲೆಯಲ್ಲೇ ಕೆಲಸ ಮಾಡಿದ ಗುಮಾಸ್ತರಿಗೆ ನಿವೃತ್ತಿಯ ದಿನ ಸಹೋದ್ಯೋಗಿಗಳು ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು, ಅಂಗಡಿಯಿಂದ ಆ ಬೆಳಿಗ್ಗೆ ತಂದ ಜರಿಯಂಚಿನ ಮೈಸೂರು ಪೇಟವನ್ನು ತಲೆಗಿಡುತ್ತಾರೆ. ಸಭೆ ಮುಗಿದ ಮೇಲೆ ಅದನ್ನು ಕೈಯಲ್ಲಿ ಹಿಡಿದು ಮನೆಗೆ ಒಯ್ಯುತ್ತಾರೆ. ಒಂದೆರಡು ದಿನ ಮೊಮ್ಮಕ್ಕಳು ಅದನ್ನು ತಲೆಯ ಮೇಲಿಟ್ಟುಕೊಂಡು ಆಡುತ್ತಾರೆ.